ಅಳಿಸಿದವರ ಹೆಸರು

ಜುಲೈ 6, ಭಾನುವಾರ

ಶಿಡ್ಲಘಟ್ಟಕ್ಕೆ ಹೋಗಿ ಅಕ್ಕನನ್ನು ನೋಡಿಕೊಂಡು ಬಂದೆ. ಆಪರೇಷನ್ ಆಗಿ ಇವತ್ತಿಗೆ ಇಪ್ಪತ್ತಮೂರು ದಿನ. ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದುಬಿಟ್ಟಿದ್ದಾರೆ. ಮೂವತ್ತಾರು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಗೋದಮ್ಮ ಮೇಡಂ ಈಗ ಮಡಿಲಲ್ಲಿ ಸ್ಲೇಟು ಇಟ್ಟುಕೊಂಡು ಕೂತಿದ್ದಾಳೆ. ನಾನು ಹೊಸ್ತಿಲು ದಾಟುವಷ್ಟರಲ್ಲಿ ‘ಊಟ?’ ಎಂದು ಬರೆದು ತೋರಿಸಿದಳು.

ಆದರೆ ಎದೆಗುಂದಬೇಕಾಗಿಲ್ಲ. ಆಪರೇಷನ್‌ಗೆ ಮುಂಚೆಯೇ ಆಸ್ಪತ್ರೆಯವರು ಒಂದು ದಾರಿ ಹೇಳಿದ್ದರು. ಇರುವಾಗಲೇ ಧ್ವನಿಯನ್ನು ರೆಕಾರ್ಡ್ ಮಾಡಿಟ್ಟುಕೊಂಡರೆ ಅದರಿಂದ ಕಂಪ್ಯೂಟರ್‌ನವರು ಅದೇ ಧ್ವನಿ ತಯಾರು ಮಾಡುತ್ತಾರಂತೆ. ಆಮೇಲೆ ಟ್ಯಾಬಿನಲ್ಲಿ ಏನು ಟೈಪ್ ಮಾಡಿದರೂ ಅಕ್ಕನ ಧ್ವನಿಯಲ್ಲೇ ಮಾತಾಡುತ್ತದೆ. ಒಂಬತ್ತು ದಿನ ಅಕ್ಕ ದೇವರ ಕೋಣೆಯ ಬಾಗಿಲು ಹಾಕಿಕೊಂಡು, ಫ್ಯಾನು ಆರಿಸಿಕೊಂಡು, ಬೆವರುತ್ತ ಓದಿದಳು. ಪಾಠ, ಕಥೆ, ನಮ್ಮೆಲ್ಲರ ಹೆಸರು, ಹಾಲಿನ ಆಂಜಿನಮ್ಮನಿಗೆ ದಿನಾ ಹೇಳುವ ‘ರೊಂತ ಎಕ್ಕುವ ಪೊಯ್ಯಮ್ಮಾ’ ಎಂಬ ತೆಲುಗಿನ ಮಾತು ಕೂಡ. ಸ್ವಲ್ಪ ಜಾಸ್ತಿ ಹಾಕಮ್ಮ ಎಂದು ಕೇಳದೆ ಅವಳು ಯಾವತ್ತೂ ಹಾಲು ತೆಗೆದುಕೊಂಡವಳಲ್ಲ.

ಇದಕ್ಕೆಲ್ಲ ಏರ್ಪಾಡು ಅಕ್ಕನ ಮಗಳು ಅನ್ವಿತಾಳದು. ಬಸ್‌ಸ್ಟ್ಯಾಂಡಿನ ಹತ್ತಿರ ಟೈಪಿಂಗು, ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟಿದ್ದಾಳೆ. ಅವಳೇ ಒಂದು ತಂತ್ರಾಂಶ ಹುಡುಕಿ ಅಕ್ಕನ ಟ್ಯಾಬು, ಅಂಗಡಿಯ ಕಂಪ್ಯೂಟರ್, ಪುಟ್ಟಸ್ವಾಮಯ್ಯ ಭಾವನ ಫೋನು, ನನ್ನ ಫೋನು, ಈ ನಾಲ್ಕಕ್ಕೂ ಹಾಕಿದಳು. ನಡುವೆ ಯಾವ ಕಂಪನಿಯೂ ಇಲ್ಲ, ತಿಂಗಳ ಬಾಡಿಗೆಯೂ ಇಲ್ಲ. ‘ಅಮ್ಮನ ಧ್ವನಿ’ ಎಂಬ ಫೋಲ್ಡರಿಗೆ ಒಂದು ಕಡೆ ಫೈಲು ಹಾಕಿದರೆ ಮಿಕ್ಕ ಮೂರು ಕಡೆಗೂ ತಾನಾಗಿ ಬಂದು ಕೂರುತ್ತದೆ. ಈಗ ಅವಳು ಒಂದೊಂದೇ ಫೈಲಿನಲ್ಲಿ ಕೆಮ್ಮು ಬಂದ ಜಾಗವನ್ನು ಕತ್ತರಿಸುತ್ತಿದ್ದಾಳೆ. ತಿಂಗಳ ಕೊನೆಗೆ ಬೆಂಗಳೂರಿಗೆ ಕಳಿಸಬೇಕು.

ತಂತ್ರಾಂಶ ಮಾಡಿದವರಿಗೆ ಸಲಹೆ ಬರೆಯಲು ಒಂದು ಜಾಗವಿದೆ. ಕನ್ನಡದಲ್ಲಿ ಸೂಚನೆಗಳು ಬರಲಿ ಎಂದು ಬರೆದು ಹಾಕಿದೆ. ಚಿಕ್ಕಬಳ್ಳಾಪುರದ ಕಚೇರಿಯ ದಾಖಲೆ ಕೊಠಡಿಯಲ್ಲಿ ಇಪ್ಪತ್ತೆರಡು ವರ್ಷ ಕಾಗದ ಕಾದವನು ನಾನು. ಜೋಪಾನದ ವಿಷಯದಲ್ಲಿ ನನ್ನ ಸಲಹೆಗೆ ಬೆಲೆ ಇರಬೇಕು.

ಜುಲೈ 10, ಗುರುವಾರ

ಕಚೇರಿಯಲ್ಲಿ ಕಡತಗಳ ಸ್ಕ್ಯಾನಿಂಗ್ ಶುರುವಾಗಿದೆ. ಪ್ರತಿ ಕಪಾಟಿನ ಫೋಟೋ ಕಳಿಸಿ ಎಂದು ಸಾಹೇಬರ ಹುಕುಂ. ಮೂರನೇ ಕಪಾಟಿಗೇ ಫೋನು ಜಾಗವಿಲ್ಲ ಎಂದು ಮುಷ್ಕರ ಹೂಡಿತು. ಗುರುಪೂರ್ಣಿಮೆಯ ಶುಭಾಶಯದ ಚಿತ್ರಗಳೇ ಬೆಳಗಿನಿಂದ ನೂರು ಬಂದಿದ್ದವು, ಎಲ್ಲ ತೆಗೆದೆ. ಸಾಲಲಿಲ್ಲ. ಅಕ್ಕನ ಫೋಲ್ಡರು ದೊಡ್ಡದಿತ್ತು, ಅದನ್ನೂ ತೆಗೆದೆ. ನನ್ನದು ಹೇಗಿದ್ದರೂ ನಕಲು. ಮೂಲ ಪ್ರತಿ ಅಕ್ಕನ ಹತ್ತಿರವಿದೆ.

ಹನ್ನೊಂದು ಕಪಾಟು ಮುಗಿಯಿತು. ಸಾಹೇಬರಿಗೆ ಸಂತೋಷ.

ಜುಲೈ 12, ಶನಿವಾರ

ಬೆಳಿಗ್ಗೆ ತಿಂಡಿ ತಿನ್ನುವಾಗ ಅನ್ವಿತಾ ಫೋನ್ ಮಾಡಿದಳು.

“ಮಾವ, ನಿಮ್ ಫೋನಲ್ಲಿ ಅಮ್ಮನ ಧ್ವನಿ ಫೋಲ್ಡರ್ ಇದ್ಯಾ ನೋಡಿ.”

“ಯಾಕಮ್ಮ?”

“ಇಲ್ಲಿ ಕಾಣಿಸ್ತಿಲ್ಲ. ಟ್ಯಾಬಲ್ಲೂ ಇಲ್ಲ, ಅಪ್ಪನ ಫೋನಲ್ಲೂ ಇಲ್ಲ.”

ನೋಡಿ ಹೇಳುತ್ತೇನೆ ಎಂದು ಇಟ್ಟೆ. ನೋಡುವುದೇನಿತ್ತು? ಕೈಯಲ್ಲಿದ್ದ ಉಪ್ಪಿಟ್ಟು ಕೈಯಲ್ಲೇ ಒಣಗಿತು. ಹತ್ತು ನಿಮಿಷ ಬಿಟ್ಟು ನಾನೇ ಮಾಡಿ, “ಇಲ್ಲ ಕಣಮ್ಮ, ನನ್ನದ್ರಲ್ಲೂ ಹೋಗಿದೆ” ಎಂದೆ. ಇದರಲ್ಲಿ ಸುಳ್ಳೇನೂ ಇಲ್ಲ. “ಸರಿ ಮಾವ” ಎಂದಳು.

ಆಮೇಲೆ ಕೂತು ಆ ತಂತ್ರಾಂಶದ ವಿವರಣೆಯನ್ನೆಲ್ಲ ಓದಿದೆ. ಅದರಲ್ಲಿ ಮೂಲವೂ ಇಲ್ಲ, ನಕಲೂ ಇಲ್ಲವಂತೆ. ನಾಲ್ಕೂ ಸಮ. ಒಬ್ಬರು ಸೇರಿಸಿದರೆ ಎಲ್ಲರಲ್ಲೂ ಸೇರುತ್ತದೆ, ಒಬ್ಬರು ತೆಗೆದರೆ ಎಲ್ಲರಲ್ಲೂ ಹೋಗುತ್ತದೆ. ಇದೆಂಥ ನ್ಯಾಯ? ನಮ್ಮ ಕಚೇರಿಯಲ್ಲಿ ನಕಲು ಹರಿದರೆ ಮೂಲಕ್ಕೆ ಗೀರು ಕೂಡ ಬೀಳುವುದಿಲ್ಲ. ಯಾರಿಗಾದರೂ ಗೊತ್ತಾಗುವುದು ಹೇಗೆ?

ಸಲಹೆ ಬರೆದೆ. ಒಬ್ಬರು ಅಳಿಸಿದರೆ ಮಿಕ್ಕವರನ್ನು ಕೇಳದೆ ಅವರಲ್ಲಿ ಅಳಿಸಬಾರದು. ಒಂದು ಯಂತ್ರವನ್ನು ಮೂಲ ಎಂದು ಗುರುತು ಮಾಡಲು ಅವಕಾಶವಿರಬೇಕು. ಇನ್ನೊಂದನ್ನೂ ಸೇರಿಸಿದೆ: ಯಾರು ಅಳಿಸಿದರು ಎಂಬುದು ಎಲ್ಲೂ ಕಾಣಿಸಬಾರದು. ಸಂಸಾರಗಳಲ್ಲಿ ಸುಮ್ಮನೆ ಮನಸ್ತಾಪ ಬರುತ್ತದೆ. ಇದನ್ನು ಎಲ್ಲರ ಹಿತಕ್ಕಾಗಿ ಬರೆದಿದ್ದೇನೆ.

ಜುಲೈ 13, ಭಾನುವಾರ

ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಹೋದೆ. ಒಳಗೆ ಕಾಲಿಡುವಾಗಲೇ ಭಾವನ ದನಿ ಬೀದಿಗೆ ಕೇಳುತ್ತಿತ್ತು.

“ಊರೋರ್ ಅರ್ಜಿಯೆಲ್ಲ ಜೋಪಾನ ಮಾಡ್ತೀಯ. ಹೆತ್ತ ತಾಯಿ ಧ್ವನಿ ಇಟ್ಕೊಳಕ್ಕಾಗ್ಲಿಲ್ವೇನೇ ನಿಂಗೆ?”

ಅನ್ವಿತಾ ಗೋಡೆಗೆ ಒರಗಿ ನಿಂತಿದ್ದಳು. ನಾನು ಬಂದದ್ದನ್ನು ನೋಡಿದಳು.

“ನಂದೇ ತಪ್ಪು ಅಪ್ಪ. ಬೇರೆ ಕಡೆ ಒಂದ್ ಕಾಪಿ ಇಡ್ಬೇಕಾಗಿತ್ತು. ಇಡ್ಲಿಲ್ಲ” ಎಂದಳು.

ನಾನು, “ಹೋಗ್ಲಿ ಬಿಡಿ ಭಾವ, ಮಿಷಿನ್ನು ಅಂದ್ಮೇಲೆ ಕೆಡುತ್ತೆ” ಎಂದೆ. ಭಾವ ನನ್ನ ಹೆಗಲ ಮೇಲೆ ಕೈಯಿಟ್ಟು, “ನಿನಗಿರೋ ತಾಳ್ಮೆ ನನಗಿಲ್ಲ ಕಣಪ್ಪ ಗಣೇಶ” ಎಂದರು. ಅಕ್ಕ ‘ಅವಳನ್ನ ಬೈಬೇಡಿ’ ಎಂದು ಬರೆದ ಸ್ಲೇಟನ್ನು ಎತ್ತಿ ಹಿಡಿದಿದ್ದಳು. ಭಾವ ಅತ್ತ ನೋಡಲೇ ಇಲ್ಲ. ಮಾತಾದರೆ ನೋಡದಿದ್ದರೂ ಕಿವಿಗೆ ಬೀಳುತ್ತದೆ. ಸ್ಲೇಟಿಗೆ ಆ ಅನುಕೂಲವಿಲ್ಲ. ಅವಳು ಹಿಡಿದುಕೊಂಡೇ ಇದ್ದಳು.

ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿತಂತೆ. ನಾನು ಒರೆಸಲಿಲ್ಲ. ಮೇಕೆ ತಾನಾಗಿ ಮೂತಿ ಒಡ್ಡಿತು. ಹಾಗೆಂದುಕೊಂಡು ಬಸ್ಸು ಹತ್ತಿದೆ.

ಜುಲೈ 17, ಗುರುವಾರ

ಅನ್ವಿತಾ ಅಂಗಡಿಯ ಕಂಪ್ಯೂಟರನ್ನು ಬೆಂಗಳೂರಿಗೆ ಹೊತ್ತುಕೊಂಡು ಹೋಗಿದ್ದಳು. ಅಳಿಸಿದ್ದನ್ನು ತೆಗೆದುಕೊಡುವವರು ಇದ್ದಾರಂತೆ. ಎರಡು ದಿನ ನೋಡಿ ಇದರಲ್ಲಿ ಏನೂ ಉಳಿದಿಲ್ಲ ಎಂದರು. ಟ್ಯಾಬಿನಲ್ಲೂ ಇಲ್ಲ. ಅಕ್ಕ ಮಾತಾಡಿರುವ ಹಳೆಯ ಮದುವೆಯ ವಿಡಿಯೋಗಳಿವೆ, ಅದರಲ್ಲಿ ಅಕ್ಕನಿಗಿಂತ ಓಲಗವೇ ಹೆಚ್ಚು. ಧ್ವನಿ ತಯಾರಿಸುವವರು ಇದು ಆಗುವುದಿಲ್ಲ ಎಂದರಂತೆ.

ನನ್ನ ಫೋನನ್ನೂ ಕೊಡಲೇ ಎಂದು ಕೇಳಬೇಕೆಂದುಕೊಂಡೆ. ಕೊಟ್ಟರೆ ಏನೇನು ಹೊರಬರುತ್ತದೋ ಎಂದು ಸುಮ್ಮನಾದೆ. ಆಮೇಲೆ ಹನ್ನೊಂದು ಕಪಾಟಿನ ಫೋಟೋ ಅಳಿಸಿದ ಜಾಗದ ಮೇಲೆಯೇ ಕೂತಿದೆಯಲ್ಲ, ಇನ್ನೇನು ಸಿಕ್ಕೀತು ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನ ಎಂದು ಬರೆದುಬಿಟ್ಟೆನಲ್ಲ.

ಜುಲೈ 22, ಮಂಗಳವಾರ

ಅಳಿಸಿದ ಫೈಲುಗಳನ್ನು ತಿಂಗಳ ಮಟ್ಟಿಗೆ ಒಂದು ಬುಟ್ಟಿಯಲ್ಲಿ ಉಳಿಸಿಕೊಳ್ಳಬೇಕು ಎಂದು ಸಲಹೆ ಬರೆಯಲು ಹೋದೆ. ಅದು ಈಗಾಗಲೇ ಇದೆಯಂತೆ. ಸ್ಥಾಪಿಸುವವರು ಅದನ್ನು ಆನ್ ಮಾಡಬೇಕಿತ್ತಂತೆ. ಅನ್ವಿತಾ ಮಾಡಿಲ್ಲ. ಹಾಗಾದರೆ ಅವಳದ್ದೂ ತಪ್ಪು ಉಂಟಲ್ಲ?

ಮೇಲಿನದನ್ನು ಮತ್ತೆ ಓದಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆಗಸ್ಟ್ 3, ಭಾನುವಾರ

ಇವತ್ತೂ ಹೋಗಲಿಲ್ಲ. ಮೂರನೇ ಭಾನುವಾರ. ಮಂಡಿನೋವು ಎಂದು ಹೇಳಿದ್ದೇನೆ.

ಊಟಕ್ಕೆ ಬಡಿಸುತ್ತ ಹೆಂಡತಿ ಅಕ್ಷಯಾ, “ಅನ್ವಿತಾ ಫೋನ್ ಮಾಡಿದ್ರೆ ನೀವ್ಯಾಕ್ರೀ ಎತ್ತಲ್ಲ?” ಎಂದಳು.

“ನಾನೇನ್ ಮಾಡಿದ್ದೀನಿ ಅಂತ ಎತ್ತದೇ ಇರ್ಲಿ?”

“ನೀವೇನೋ ಮಾಡಿದ್ದೀರ ಅಂತ ನಾನಂದ್ನಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಅವಳು ಸಾರಿನ ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದಳು. ಹುಳಿ ಚೆನ್ನಾಗಿದೆ ಎಂದೆ. ಮಾಡಿದ್ದು ಬಸ್ಸಾರು.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಅಕ್ಷಯಾಳನ್ನು ಅರಿಶಿನ ಕುಂಕುಮಕ್ಕೆ ಶಿಡ್ಲಘಟ್ಟಕ್ಕೆ ಕಳಿಸಿ ನಾನು ಮನೆಯಲ್ಲೇ ಉಳಿದೆ. ಅವಳು ಬಂದು ಹೇಳಿದಳು. ಭಾವ ಮಗಳ ಹತ್ತಿರ ಮಾತು ಬಿಟ್ಟಿದ್ದಾರಂತೆ. ಬಂದ ಹೆಂಗಸರ ಮುಂದೆ, “ಇವಳಿಂದ ಆಗಿದ್ದು ಇದೆಲ್ಲ” ಎಂದರಂತೆ. ಅನ್ವಿತಾ ತಟ್ಟೆ ಹಿಡಿದು ಎಲ್ಲರಿಗೂ ಕುಂಕುಮ ಕೊಡುತ್ತಲೇ ಇದ್ದಳಂತೆ.

ಆಸ್ಪತ್ರೆಯವರು ಟ್ಯಾಬಿಗೆ ಯಾವುದೋ ಸಿದ್ಧ ಧ್ವನಿ ಹಾಕಿಕೊಟ್ಟಿದ್ದಾರೆ. ಹಾಲು ಹಾಕಲು ಬಂದ ಆಂಜಿನಮ್ಮನನ್ನು ಅಕ್ಕ ಅದರಿಂದ ಮಾತಾಡಿಸಿದರೆ ಅವಳು ಬೆಚ್ಚಿ, “ಎವರಮ್ಮಾ ಈಯಮ್ಮ?” ಎಂದಳಂತೆ. ಯಾರಮ್ಮ ಇವಳು ಎಂದು! ಅಕ್ಷಯಾ ನಗುತ್ತ ಹೇಳಿದಳು. ಅಕ್ಕ ಆಮೇಲೆ ಟ್ಯಾಬನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು ಎಂದಾಗ ನಗಲಿಲ್ಲ.

ಆಗಸ್ಟ್ 11, ಸೋಮವಾರ

ಮೇಲೂರಿನ ಮುನಿನಾರಾಯಣಪ್ಪ ಎಂಬ ರೈತರು ಹಳೆಯ ಕಡತದ ನಕಲಿಗೆ ಅರ್ಜಿ ಹಾಕಿದ್ದರು. ತೆಗೆದು ನೋಡಿದರೆ ನಡುವಿನ ಹಾಳೆ ಇಲ್ಲ. ಯಾರೋ ಕಿತ್ತಿದ್ದಾರೆ.

“ಯಾರ್ ಸ್ವಾಮಿ ಕಿತ್ತಿದ್ದು?” ಎಂದರು.

ಕಡತ ಹೊರಗೆ ಹೋದ ರಿಜಿಸ್ಟರು ತೆಗೆದು ತೋರಿಸಿದೆ. ತಾರೀಖು, ಹೆಸರು, ರುಜು. ಮೂರು ಜನ ತೆಗೆದುಕೊಂಡಿದ್ದರು, ಒಂದು ಹೆಸರಿನ ಮುಂದೆ ಅವರ ಬೆರಳು ನಿಂತಿತು. ಅವರ ದಾಯಾದಿಯದೇ ಇರಬೇಕು. “ಹಾಳೆ ಹೋದ್ರೆ ಹೋಗ್ಲಿ ಸ್ವಾಮಿ. ಇಷ್ಟ್ ವರ್ಷ ಪಾಪ ನಮ್ಮಣ್ಣನ ಮೇಲೆ ಗುಮಾನಿ ಪಟ್ಕೊಂಡಿದ್ದೆ. ಅವನು ಹಂಗೇ ಸತ್ತೋದ” ಎಂದು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ನೀರು ಕೊಟ್ಟೆ.

ಇಪ್ಪತ್ತೆರಡು ವರ್ಷದಲ್ಲಿ ರುಜು ಇಲ್ಲದೆ ಒಂದು ಕಡತವನ್ನೂ ನಾನು ಕೈಯಿಂದ ಬಿಟ್ಟಿಲ್ಲ. ಊಟದ ಬಿಡುವಿನಲ್ಲಿ ತಂತ್ರಾಂಶದವರಿಗೆ ಬರೆದೆ. ಯಾವ ಯಂತ್ರದಿಂದ ಯಾವಾಗ ಅಳಿಸಿದ್ದು ಎಂದು ಎಲ್ಲರಿಗೂ ಕಾಣುವಂತೆ ಹೆಸರು ಸಮೇತ ತೋರಿಸಬೇಕು. ಇಷ್ಟು ಸಣ್ಣ ವಿಷಯ ಇವರಿಗೆ ಹೇಗೆ ಹೊಳೆಯಲಿಲ್ಲವೋ ಕಾಣೆ.

ಆಗಸ್ಟ್ 14, ಗುರುವಾರ

ಉತ್ತರ ಬಂದಿದೆ. ಯಾವ ದೇಶದವನೋ, ಬಹಳ ಮರ್ಯಾದೆಯಿಂದ ಬರೆದಿದ್ದಾನೆ. ನೀವು ಕೇಳಿದ ಸೌಲಭ್ಯ ಮೊದಲಿನಿಂದಲೂ ಇದೆ. ಕಂಪ್ಯೂಟರಿನಲ್ಲಿ ‘ಇತ್ತೀಚಿನ ಬದಲಾವಣೆಗಳು’ ಎಂಬುದನ್ನು ಒತ್ತಿ. ಯಂತ್ರದ ಹೆಸರು, ಮಾಡಿದ ಕೆಲಸ, ಹೊತ್ತು, ಎಲ್ಲವೂ ಬರುತ್ತದೆ.

ನನ್ನ ಫೋನಿಗೆ ಹೆಸರಿಟ್ಟವಳು ಅನ್ವಿತಾ. ‘ಗಣೇಶ್ ಮಾವ’ ಎಂದು ಅವಳು ಟೈಪ್ ಮಾಡುವಾಗ ನಾನು ಪಕ್ಕದಲ್ಲೇ ಕೂತಿದ್ದೆ.

ಎಲ್ಲ ಕಡೆಯೂ ಫೋಲ್ಡರು ಮಾಯವಾದ ದಿನ, ಊರವರ ಕಂಪ್ಯೂಟರನ್ನೆಲ್ಲ ರಿಪೇರಿ ಮಾಡುವ ಹುಡುಗಿ ಅದೊಂದನ್ನು ಒತ್ತಿ ನೋಡಿರುವುದಿಲ್ಲವೇ? ನೋಡಿಯೇ ನನಗೆ ಫೋನ್ ಮಾಡಿದ್ದಾಳೆ. ಅಳಿಸಿದಿರಾ ಎಂದು ಕೇಳಲಿಲ್ಲ. ಇದೆಯಾ ನೋಡಿ ಎಂದಳು. ಹೇಳಲು ನನಗೊಂದು ದಾರಿ ಮಾಡಿಕೊಟ್ಟಿದ್ದಳು. ಹತ್ತು ನಿಮಿಷ ಕಾದಿದ್ದಳು ಕೂಡ.



ಆಗಸ್ಟ್ 15, ಶುಕ್ರವಾರ

ಕಚೇರಿಯಲ್ಲಿ ಬಾವುಟ ಹಾರಿಸಿದ ಕೂಡಲೇ ಶಿಡ್ಲಘಟ್ಟದ ಬಸ್ಸು ಹತ್ತಿದೆ. ರಜೆಯಾದರೂ ಅನ್ವಿತಾಳ ಅಂಗಡಿ ತೆರೆದಿತ್ತು. ಮನೆಯಲ್ಲಿರುವುದಕ್ಕಿಂತ ಅದೇ ಮೇಲು ಎಂದು ತೆರೆದಿದ್ದಳೇನೋ. ಸಪ್ಪಗಾಗಿದ್ದಾಳೆ.

“ನಿಂಗೆ ಗೊತ್ತಿತ್ತಾ?” ಎಂದೆ. ಏನು ಎಂದು ಅವಳು ಕೇಳಲಿಲ್ಲ.

“ಅವತ್ತೇ ಗೊತ್ತಾಯ್ತು ಮಾವ.”

“ಮತ್ತೆ ಯಾಕಮ್ಮ ಹೇಳ್ಲಿಲ್ಲ?”

“ಮೊದಲ್ನೇ ದಿನ ನೀವೇ ಹೇಳ್ತೀರ ಅಂದ್ಕೊಂಡೆ. ಭಾನುವಾರ ಬಂದ್ರಲ್ಲ, ಅವಾಗ್ಲೂ ಅಂದ್ಕೊಂಡೆ.” ಪ್ರಿಂಟರಿನಿಂದ ಯಾರದೋ ಜಾತಿ ಪ್ರಮಾಣಪತ್ರದ ಅರ್ಜಿ ಬರುತ್ತಿತ್ತು, ಅದನ್ನು ತೆಗೆದು ಜೋಡಿಸಿದಳು. “ಆಮೇಲೆ ಯೋಚ್ನೆ ಮಾಡ್ದೆ. ಅಪ್ಪನ್ ಕೋಪ ನಿಮಗ್ ಗೊತ್ತಲ್ಲ. ನಿಮ್ಮನ್ನ ಜನ್ಮದಲ್ಲಿ ಹೊಸ್ತಿಲು ತುಳಿಯಕ್ ಬಿಡಲ್ಲ. ಅಮ್ಮಂಗೆ ತವರು ಅಂತ ಇರೋದು ನೀವೊಬ್ರೇ. ಧ್ವನಿ ಹೋಯ್ತು, ತವರೂ ಹೋದ್ರೆ? ನಾನ್ ಮಗಳು. ನನ್ನನ್ನಾದ್ರೆ ಎಷ್ಟ್ ದಿನ ಬೈತಾರೆ ಹೇಳಿ.”

ನನಗೆ ಅಳು ಬಂದುಬಿಟ್ಟಿತು. ನಲವತ್ತೆಂಟು ವರ್ಷದವನು, ಅಂಗಡಿಯ ಬಾಗಿಲಲ್ಲಿ. ಅರ್ಜಿಯವರು ಬಂದು ನನ್ನನ್ನು ನೋಡಿ ಹೊರಗೇ ನಿಂತರು.

“ಇವತ್ತೇ ಹೋಗಿ ಹೇಳ್ತೀನಿ” ಎಂದೆ.

“ಬೇಡ ಮಾವ. ಗೌರಿ ಹಬ್ಬಕ್ಕೆ ಹನ್ನೊಂದೇ ದಿನ ಇದೆ. ತಮ್ಮ ಬಾಗಿನ ತರ್ತಾನೆ ಅಂತ ಅಮ್ಮ ಸ್ಲೇಟಲ್ಲಿ ದಿನಾ ಲೆಕ್ಕ ಹಾಕ್ತಾಳೆ. ಹಬ್ಬ ಮುಗೀಲಿ.”

ಸರಿ ಎಂದು ಬಂದುಬಿಟ್ಟೆ. ಹುಡುಗಿ ಹೇಳಿದಳು ಎಂದು ಬಂದೆನೋ, ಹೆದರಿ ಬಂದೆನೋ, ನಿಜವಾಗಿ ನನಗೆ ಗೊತ್ತಿಲ್ಲ.

ಆಗಸ್ಟ್ 20, ಬುಧವಾರ

ಹೇಳಿದರೆ ಅಕ್ಕನಿಗೆ ತವರಿಲ್ಲ. ಹೇಳದಿದ್ದರೆ ಅನ್ವಿತಾಳಿಗೆ ಅಪ್ಪನಿಲ್ಲ.

ಆಗಸ್ಟ್ 24, ಭಾನುವಾರ

ಅಕ್ಷಯಾಳಿಗೆ ಎಲ್ಲ ಹೇಳಿದೆ. ಮೊರಕ್ಕೆ ಅರಿಶಿನ ಹಚ್ಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ಬಸ್ಸಾರಿನ ದಿನಾನೇ ಅನುಮಾನ ಬಂತು” ಎಂದಳು. ಆಮೇಲೆ, “ಗೊತ್ತಿಲ್ದೆ ತಗೊಂಡ ಬಾಗಿನ ಬಾಗಿನಾನೇನ್ರೀ? ಅವ್ರಿಗ್ ಗೊತ್ತಾಗಿ ತಗೊಂಡ್ರೆ ತಗೊಳ್ಳಿ, ಬಿಟ್ರೆ ಬಿಡ್ಲಿ” ಎಂದಳು. ಎರಡನೇ ಮೊರವನ್ನು ಎಳೆದುಕೊಂಡಳು.

ತಂತ್ರಾಂಶದವರಿಗೆ ಏನೂ ಬರೆಯುವುದಿಲ್ಲ. ಅವರದು ಸರಿಯಾಗಿಯೇ ಇದೆ.

ಆಗಸ್ಟ್ 26, ಮಂಗಳವಾರ

ಬಾಗಿನ ಹಿಡಿದುಕೊಂಡು ಹತ್ತು ಗಂಟೆಗೆ ಹೋದೆ. ಅಕ್ಕ ಹಸಿರು ಸೀರೆಯುಟ್ಟು, ಉಸಿರಿಗೆಂದು ಕುತ್ತಿಗೆಯಲ್ಲಿ ಮಾಡಿದ ರಂಧ್ರಕ್ಕೆ ಅದೇ ಬಣ್ಣದ ಬಟ್ಟೆ ಕಟ್ಟಿಕೊಂಡು, ಬಾಗಿಲಲ್ಲೇ ನಿಂತಿದ್ದಳು. ಮೊರಕ್ಕೆ ಕೈ ಚಾಚಿದಳು. ನಾನು ಕೊಡಲಿಲ್ಲ. ಭಾವನನ್ನು ಕರೆದೆ. ಅನ್ವಿತಾ ಅಡುಗೆಮನೆಯಿಂದ ಬಂದವಳು ನನ್ನ ಮುಖ ನೋಡಿ ಬೇಡ ಎಂದು ತಲೆಯಾಡಿಸಿದಳು.

“ಭಾವ, ಅಕ್ಕನ ಧ್ವನಿ ಅಳಿಸಿದ್ದು ನಾನು. ಫೋನಲ್ಲಿ ಜಾಗ ಇಲ್ಲ ಅಂತ ತೆಗೆದೆ. ಎಲ್ಲಾ ಕಡೆ ಹೋಗುತ್ತೆ ಅಂತ ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೂ ಹೇಳ್ಲಿಲ್ಲ. ಅನ್ವಿತಾಗೆ ಮೊದಲ ದಿನದಿಂದ ಗೊತ್ತು. ನನಗೋಸ್ಕರ ಬೈಸ್ಕೊಂಡಿದ್ದಾಳೆ.”

ಭಾವ ನನ್ನನ್ನು ನೋಡಿದರು, ಮಗಳನ್ನು ನೋಡಿದರು. ಮಗಳ ಹತ್ತಿರ ಹೋಗಿ, ಅವಳ ತಲೆಯ ಮೇಲೆ ಕೈಯಿಡಲು ಎತ್ತಿ, ಇಡದೆ, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅನ್ವಿತಾ ಬಾಗಿಲ ಹೊರಗೆ ನಿಂತು “ಅಪ್ಪ” ಎಂದಳು. ಒಳಗಿನಿಂದ ಮೂಗು ಸೀದುವ ಸದ್ದು ಬಂತು.

ಅಕ್ಕ ಸ್ಲೇಟನ್ನು ಮುಟ್ಟಲಿಲ್ಲ. ಬೀರುವಿನ ಬೀಗ ತೆಗೆದು ಟ್ಯಾಬು ತಂದಳು. ನಿಂತುಕೊಂಡೇ ಟೈಪ್ ಮಾಡಿದಳು. ಬೆರಳು ಪರದೆಗೆ ಬಡಿಯುವ ಸದ್ದು ನನಗೆ ಕೇಳುತ್ತಿತ್ತು. ಮುಖ ಕೆಂಪಾಗಿತ್ತು. ಚಿಕ್ಕಂದಿನಲ್ಲಿ ನನಗೆ ಏಟು ಬೀಳುವ ಮುಂಚೆ ಇರುತ್ತಿದ್ದ ಮುಖ. ಬಯ್ಯಲಿ ಎಂದು ಕಾದೆ. ನಲವತ್ತೈದು ದಿನದಿಂದ ನಾನು ಅದಕ್ಕೇ ಕಾದಿದ್ದೆ ಅನ್ನಿಸಿತು.

ಒತ್ತಿದಳು.

“ಕತ್ತೆ ಬಡವಾ. ನಿನಗೆ ನಾಚಿಕೆ ಆಗುವುದಿಲ್ಲವೇ. ನನ್ನ ಮಗುವನ್ನು ಇಷ್ಟು ದಿನ ಬೈಸಿದೆಯಲ್ಲೋ. ನೀನು ನನ್ನ ತಮ್ಮನೇ.”

ರೈಲು ಎರಡನೇ ಪ್ಲಾಟ್‌ಫಾರಮ್ಮಿಗೆ ಬರುತ್ತದೆ ಎಂದು ಹೇಳುವ ಹೆಂಗಸಿನ ಧ್ವನಿ. ನಯವಾಗಿ, ಒಂದೇ ಸಮ, ಬಹಳ ಪ್ರೀತಿಯಿಂದ ಬೈಯಿತು. ಅಕ್ಕ ಟ್ಯಾಬಿನತ್ತ ನೋಡಿದಳು. ಧ್ವನಿ ಜಾಸ್ತಿ ಮಾಡಿ ಮತ್ತೆ ಒತ್ತಿದಳು. ಜೋರಾಗಿ, ಅಷ್ಟೇ ನಯವಾಗಿ ಬೈಯಿತು. ಪೂರ್ತಿ ಏರಿಸಿ ಇನ್ನೊಂದು ಸಲ ಒತ್ತಿದಳು. ಪಕ್ಕದ ಮನೆಯ ಗಂಗುಲಮ್ಮ ಯಾರಾದರೂ ಬಂದಿದ್ದಾರೇನೋ ಎಂದು ಕಾಂಪೌಂಡಿನ ಮೇಲಿಂದ ಇಣುಕಿದರು.

ಅಕ್ಕನ ಕಣ್ಣಲ್ಲಿ ನೀರು ಸುರಿಯತೊಡಗಿತು. ಬಾಯಿ ದೊಡ್ಡದಾಗಿ ತೆರೆದು ಅವಳೇ ಬೈದಳು. ತುಟಿ ಆಡಿತು, ನಾಲಿಗೆ ಆಡಿತು, ಕುತ್ತಿಗೆಯ ಹಸಿರು ಬಟ್ಟೆ ಉಬ್ಬಿ ಇಳಿಯಿತು. ಗಾಳಿ ಬಿಟ್ಟರೆ ಏನೂ ಬರಲಿಲ್ಲ.

ನನ್ನ ಕೈಯಿಂದ ಬಾಗಿನವನ್ನು ಕಿತ್ತುಕೊಂಡು ಗೌರಿಯ ಮುಂದಿಟ್ಟು ಬಂದಳು. ನಾನು ಹೊರಡಲು ಚಪ್ಪಲಿಯ ಕಡೆ ತಿರುಗಿದೆ. ರಟ್ಟೆ ಹಿಡಿದು ನಿಲ್ಲಿಸಿದಳು, ಟ್ಯಾಬನ್ನು ನನ್ನ ಕಿವಿಯ ಹತ್ತಿರ ತಂದು ಮೊದಲಿನಿಂದ ಮತ್ತೆ ಒತ್ತಿದಳು. ನಾನು ತಲೆ ತಗ್ಗಿಸಿ ಕೊನೆಯವರೆಗೂ ಕೇಳಿಸಿಕೊಂಡೆ.